ವೇಗಕೋಶಗಳೂ ಥೀಟಾ ಲಯವೂ: ಒಂದು ವಿಮರ್ಶೆ

ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿಲೋಮೀಟರು ದೂರ. ಅದನ್ನು ಒಬ್ಬನು ರೈಲಿನಲ್ಲಿ ಕುಳಿತು ಕ್ರಮಿಸಬಹುದು, ಮತ್ತೊಬ್ಬನು ಕಾಲ್ನಡಿಗೆಯಿಂದ. ಭೌತವಿಜ್ಞಾನದ ದೃಷ್ಟಿಯಲ್ಲಿ ಇಬ್ಬರೂ ಚಲಿಸುವವರೇ. ಆದರೆ ಮೆದುಳಿನ ದೃಷ್ಟಿಯಲ್ಲಿ ಈ ಎರಡು ಚಲನೆಗಳೂ ಒಂದೆಯೆ? ಮೆದುಳು ವೇಗವನ್ನು ಅರಿಯುವ ಬಗೆಯನ್ನು ಕುರಿತ ಸಿದ್ಧಾಂತಗಳನ್ನು ಈ ಪ್ರಶ್ನೆಯ ಒರೆಗಲ್ಲಿಗೆ ಹಚ್ಚಿ ನೋಡುವುದು ಉಚಿತ.

ಹಿಪೊಕ್ಯಾಂಪಸಿನಲ್ಲಿ ಸ್ಥಳವನ್ನು ಸೂಚಿಸುವ ಕೋಶಗಳಿರುವುದನ್ನು ಓಕೀಫ್ ಮತ್ತು ದೋಸ್ತ್ರೋವ್ಸ್ಕಿ 1971ರಲ್ಲಿ ತೋರಿಸಿದರು. ಅದರ ನೆರೆಯ ಎಂಟೋರೈನಲ್ ತೊಗಟೆಯಲ್ಲಿ ಜಾಲಕೋಶಗಳಿರುವುದು 2005ರಲ್ಲಿ ಪ್ರಕಟವಾಯಿತು. ಓಕೀಫ್ ಮತ್ತು ಮೋಸರ್ ದಂಪತಿಗಳಿಗೆ 2014ರ ನೊಬೆಲ್ ಪಾರಿತೋಷಕವು ಲಭಿಸಿತು. ನಡೆದ ದೂರವನ್ನು ತಿಳಿಯಬೇಕಾದರೆ ವೇಗವು ತಿಳಿದಿರಬೇಕಷ್ಟೆ. 2015ರಲ್ಲಿ ಕ್ರೋಪ್ ಮತ್ತು ಮೋಸರರ ತಂಡವು ಇಲಿಗಳನ್ನು ತಳವಿಲ್ಲದ ಗಾಡಿಯಲ್ಲಿ ನಿಯತವೇಗದಿಂದ ಓಡಿಸಿ, ಓಟದ ವೇಗಕ್ಕೆ ಅನುಗುಣವಾಗಿ ಮಿಡಿಯುವ 'ವೇಗಕೋಶ'ಗಳನ್ನು ಗುರುತಿಸಿತು.

ಇಲಿಯ ಮೆದುಳಿನಲ್ಲಿ ಸೆಕೆಂಡಿಗೆ ಸುಮಾರು 6ರಿಂದ 12 ಆವರ್ತಗಳ ಥೀಟಾ ಲಯವೊಂದುಂಟು. ವೇಗ ಹೆಚ್ಚಿದಂತೆ ಈ ಆವರ್ತಗಳೂ ಹೆಚ್ಚುವುವೆಂಬುದು ಬಹುಕಾಲದ ನಂಬಿಕೆ. ಅನೇಕ ಗಣಿತೀಯ ಮಾದರಿಗಳು ಇದರ ಮೇಲೆಯೇ ನಿಂತಿದ್ದವು. ಆದರೆ ಅದೇ ತಂಡವು 2021ರಲ್ಲಿ, ಆವರ್ತವನ್ನು ನಿಯಂತ್ರಿಸುವುದು ವೇಗವಲ್ಲ, ವೇಗೋತ್ಕರ್ಷವೆಂದು ತೋರಿಸಿತು. ಸ್ವಚ್ಛಂದವಾದ ಓಟದಲ್ಲಿ ಇವೆರಡೂ ಬೆರೆತಿರುತ್ತವೆ. ವೇಗವನ್ನು ಸ್ಥಿರಗೊಳಿಸಿದಾಗಲೇ ಬೇರ್ಪಡುತ್ತವೆ.

ಇಲ್ಲಿ ಎರಡು ಆಕ್ಷೇಪಗಳನ್ನು ಎತ್ತಬೇಕಾಗಿದೆ. ಮೊದಲನೆಯದು ಹೆಸರನ್ನು ಕುರಿತದ್ದು. ಕೋಶವೊಂದು ವೇಗದೊಡನೆ ಮಿಡಿಯುವುದು ಬೇರೆ. ಪ್ರಾಣಿಯು ಆ ಮಿಡಿತದಿಂದ ದೂರವನ್ನು ಲೆಕ್ಕಹಾಕುವುದು ಬೇರೆ. 'ವೇಗಕೋಶ'ವೆಂಬ ಹೆಸರು ಮೊದಲನೆಯದನ್ನು ಹೇಳಿ ಎರಡನೆಯದನ್ನೂ ಸಿದ್ಧವಾದುದೆಂಬಂತೆ ಧ್ವನಿಸುತ್ತದೆ. ಸಹಚರ್ಯವು ಕಾರಣವಲ್ಲ. ಎರಡನೆಯದು ದೇಹವನ್ನು ಕುರಿತದ್ದು. ಆಟಿಕೆಯ ಗಾಡಿಯಲ್ಲಿ ಸಾಗಿದ ಇಲಿಗಳಲ್ಲಿ ವೇಗದೊಡನೆ ಥೀಟಾ ಲಯದ ಬಲವು ಏರುವ ಪ್ರಮಾಣ ಕುಗ್ಗಿದುದು 2005ರಲ್ಲಿಯೇ ಕಂಡುಬಂದಿತ್ತು. ಹಾಗಾದರೆ ಈ ಲಯವು ಹಾದಿಯ ಅಳತೆಗಿಂತ ಕಾಲಿನ ಪ್ರಯತ್ನವನ್ನೇ ಹೆಚ್ಚಾಗಿ ಸೂಚಿಸುತ್ತಿರಬಹುದು. ರೈಲಿನ ಪ್ರಯಾಣಿಕನ ವಿಷಯದಲ್ಲಿ ಅದರಿಂದ ವೇಗವನ್ನು ಊಹಿಸುವುದು ಸಾಹಸವೇ ಸರಿ. ಮನುಷ್ಯನಲ್ಲಂತೂ ಈ ಲಯವು ಇಲಿಯಲ್ಲಿರುವಷ್ಟು ಅವಿಚ್ಛಿನ್ನವಲ್ಲ.

ಇದು ಕೇವಲ ಶಬ್ದವಿವಾದವಲ್ಲ. ಆಲ್ಜೈಮರ್ ರೋಗವು ಮೊದಲು ತಟ್ಟುವ ಭಾಗಗಳಲ್ಲಿ ಎಂಟೋರೈನಲ್ ತೊಗಟೆಯೂ ಒಂದು. ಖಡೇಬಜಾರಿನಲ್ಲಿ ಜೀವಮಾನವೆಲ್ಲ ಓಡಾಡಿದ ವೃದ್ಧರೊಬ್ಬರು ಮನೆಯ ದಾರಿ ತಪ್ಪಿದಾಗ, ಅವರು ಕಳೆದುಕೊಂಡುದು ವೇಗದ ಅರಿವನ್ನೊ ಸ್ಥಳದ ಅರಿವನ್ನೊ ಎಂಬುದನ್ನು ವಿವೇಚಿಸಲು ಶುದ್ಧವಾದ ಪರಿಕಲ್ಪನೆಗಳು ಬೇಕು. ಬೆರೆತಿರುವ ಕಾರಣಗಳನ್ನು ಬೇರ್ಪಡಿಸುವ ಪ್ರಯೋಗವು ಮೊದಲಾಗಲಿ, ನಾಮಕರಣವು ಅನಂತರವಾಗಲಿ.