ಸರ್ಕಾರದ ಮುದ್ರೆ ಬೇಡುವ ಧರ್ಮ

2025ರ ಸೆಪ್ಟೆಂಬರ್ 1ರಂದು ಬಸವನ ಬಾಗೇವಾಡಿಯಿಂದ ಬಸವ ಸಂಸ್ಕೃತಿ ಅಭಿಯಾನ ಹೊರಟಿತು. ಅದೇ ತಿಂಗಳ ಕೊನೆಯ ಭಾಗದಲ್ಲಿ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಯೂ ಶುರುವಾಯಿತು. ಶರಣರ ಸಂದೇಶ ಹೇಳಲು ಹೊರಟ ಆ ದಿನಗಳಲ್ಲಿ ಜೋರಾಗಿ ಕೇಳಿಬಂದ ಪ್ರಶ್ನೆ ಮಾತ್ರ ಸಮೀಕ್ಷೆಯ ನಮೂನೆಯದು: ಧರ್ಮದ ಕಾಲಮ್ಮಿನಲ್ಲಿ ಹಿಂದೂ ಎಂದು ಬರೆಸಬೇಕೋ, ಲಿಂಗಾಯತ ಎಂದೋ, ವೀರಶೈವ ಲಿಂಗಾಯತ ಎಂದೋ? ಪ್ರಶ್ನೆ ಕ್ಷುಲ್ಲಕವಲ್ಲ. ತಾನು ಯಾರೆಂದು ಹೇಳಿಕೊಳ್ಳುವ ಹಕ್ಕು ಪ್ರತಿ ಸಮುದಾಯಕ್ಕೂ ಇದೆ. ಆದರೆ ಒಂದು ಧರ್ಮ ರಾಜಕೀಯದ ಜೊತೆ ಇಟ್ಟುಕೊಂಡ ಸಂಬಂಧವೆಲ್ಲ ಒಂದು ಕಾಲಮ್ಮಿಗೆ ಇಳಿದುಬಿಟ್ಟರೆ ರಾಜಕೀಯವೇ ಆ ಧರ್ಮವನ್ನು ತಿದ್ದತೊಡಗಿದೆ ಎಂದೇ ಅರ್ಥ. ಕಳೆದ ಹತ್ತು ವರ್ಷಗಳಲ್ಲಿ ಲಿಂಗಾಯತ ಸಂಘಟನೆಗಳು ನಡೆದ ದಾರಿಯನ್ನೂ, ಬೇರೆಯದೇ ಒತ್ತಡದಲ್ಲಿ ಕರ್ನಾಟಕದ ಕ್ರೈಸ್ತ ಸಭೆಗಳು ನಡೆದ ದಾರಿಯನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವುದಿಷ್ಟು: ನಂಬಿಕೆಯುಳ್ಳವರು ತಮ್ಮ ಗುರುತು ಉಳಿಸಿಕೊಳ್ಳಲು ಸರ್ಕಾರದ ಬಾಗಿಲಿಗೆ ಹೋದಾಗಲೆಲ್ಲ ಬಡವಾಗಿದ್ದಾರೆ, ತಮ್ಮವರಲ್ಲದವರ ನ್ಯಾಯಕ್ಕಾಗಿ ಹೋದಾಗ ಅವರ ಮಾತಿಗೆ ತೂಕ ಬಂದಿದೆ.

ಧರ್ಮ ಸಡಿಲವಾಗುತ್ತಿರುವ ಕಾಲವಿದು ಎನ್ನುವವರು ಯುರೋಪಿನ ಖಾಲಿ ಚರ್ಚುಗಳನ್ನು ತೋರಿಸುತ್ತಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಜಾತ್ರೆಯ ತೇರು ನಿಂತಿಲ್ಲ, ಮಠದ ಅಂಗಳ ಖಾಲಿಯಾಗಿಲ್ಲ. ಇಲ್ಲಿ ಸಡಿಲವಾಗಿರುವುದು ದಿನದ ಬದುಕಿನ ಮೇಲೆ ನಂಬಿಕೆಗಿದ್ದ ಹಿಡಿತ. ಮಳೆ ಕೈಕೊಟ್ಟ ವರ್ಷ ಪುಣೆಗೋ ಗೋವಾಕ್ಕೋ ದುಡಿಯಲು ಹೋಗುವವನ ಕೂಲಿ, ಅವನ ಮಗಳ ಕಾಲೇಜು ಸೀಟು, ಆಲಮಟ್ಟಿಯಿಂದ ಬರಬೇಕಾದ ಕಾಲುವೆ ನೀರು, ಇವನ್ನೆಲ್ಲ ನಿರ್ಧರಿಸುವುದು ಸರ್ಕಾರ ಮತ್ತು ಸಂತೆ. ಇಷ್ಟಲಿಂಗ ಕಟ್ಟಿಕೊಳ್ಳುವುದನ್ನು ಬಿಟ್ಟ ಮನೆಯ ಹುಡುಗನೂ ತಹಶೀಲ್ದಾರ್ ಕಚೇರಿಯ ಪ್ರಮಾಣಪತ್ರದಲ್ಲಿ ಲಿಂಗಾಯತನಾಗಿಯೇ ಉಳಿಯುತ್ತಾನೆ. ಆಚರಣೆ ಕರಗುತ್ತ ಗುರುತು ಗಟ್ಟಿಯಾಗುವುದು ನಮ್ಮ ಕಡೆಯ ಸೆಕ್ಯುಲರ್ ಬದುಕಿನ ಬಗೆ. ಈ ಬದಲಾವಣೆಯನ್ನು ಮೊದಲೇ ಅರಿತು ಬೇರೆ ರೀತಿಯಲ್ಲಿ ಉತ್ತರ ಕೊಟ್ಟವರು ವಿಜಯಪುರದಲ್ಲೇ ಇದ್ದರು. ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು 1910ರಲ್ಲಿ ಶಿಕ್ಷಣ ಸಂಸ್ಥೆಗೆ, 1912ರಲ್ಲಿ ಸಿದ್ಧೇಶ್ವರ ಬ್ಯಾಂಕಿಗೆ ನೆಲೆ ಹಾಕಿದರು; 1923ರಲ್ಲಿ ವಚನಶಾಸ್ತ್ರಸಾರ ತಂದರು; 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು. ಇಂಡಿ ತಾಲ್ಲೂಕಿನ ಬಂಥನಾಳದ ಸಂಗನಬಸವ ಶಿವಯೋಗಿಗಳು ಆ ಶಿಕ್ಷಣದ ಕೆಲಸಕ್ಕೆ ಹೆಗಲು ಕೊಟ್ಟರು. ಅದು ಸಮುದಾಯದ ಹೆಸರಿನಲ್ಲೇ ಆರಂಭವಾದ ಕೆಲಸ ಎಂಬುದು ನಿಜ. ಆದರೆ ಹಳಕಟ್ಟಿಯವರು ಮುದ್ರಿಸಿದ ವಚನವನ್ನು ಓದಲು ಯಾರೂ ಪ್ರಮಾಣಪತ್ರ ತೋರಿಸಬೇಕಾಗಿರಲಿಲ್ಲ.

ಇದರ ಪಕ್ಕದಲ್ಲಿ 2017–18ರ ಪ್ರತ್ಯೇಕ ಧರ್ಮದ ಚಳವಳಿಯನ್ನು ಇಟ್ಟು ನೋಡೋಣ. 2017ರ ಜುಲೈ 19ರಂದು ಬೀದರಿನಲ್ಲಿ ನಡೆದ ಸಮಾವೇಶದ ಜನಸಾಗರ ಯಾರನ್ನೂ ಚಕಿತಗೊಳಿಸುವಂಥದು. ಆ ಜನರ ಹಿಂದೆ ಒಂದು ನಿಜವಾದ ತತ್ತ್ವವಿತ್ತು: ವೇದವನ್ನು, ವರ್ಣವನ್ನು, ದೇವಸ್ಥಾನದ ಮಧ್ಯವರ್ತಿಗಳನ್ನು ನಿರಾಕರಿಸಿದ ಧರ್ಮವನ್ನು ಅದು ನಿರಾಕರಿಸಿದ್ದರದೇ ಶಾಖೆ ಎಂದು ಕರೆಯುವುದು ಸರಿಯಲ್ಲ. ಈ ಮಾತನ್ನು ನಾನೂ ಒಪ್ಪುತ್ತೇನೆ. ನನ್ನ ಆಕ್ಷೇಪ ಆ ಮಾತಿನ ಮೇಲಲ್ಲ, ಅದನ್ನು ಸಾಬೀತುಪಡಿಸಲು ಆರಿಸಿಕೊಂಡ ಕಟಕಟೆಯ ಮೇಲೆ. ಡಿಸೆಂಬರಿನಲ್ಲಿ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನದಾಸ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ರಚನೆಯಾಯಿತು. 2018ರ ಮಾರ್ಚ್ 2ರಂದು ಅದು ವರದಿ ಕೊಟ್ಟಿತು. ಮಾರ್ಚ್ 19ರಂದು ಕಾಂಗ್ರೆಸ್ ಸರ್ಕಾರದ ಸಚಿವ ಸಂಪುಟ ಪ್ರತ್ಯೇಕ ಧರ್ಮದ ಪರ ತೀರ್ಮಾನ ಮಾಡಿತು. ಮೇ 12ರಂದು ವಿಧಾನಸಭೆಗೆ ಮತದಾನ. ಎಂಟು ಶತಮಾನಗಳ ವಾದ ಮೂರು ತಿಂಗಳೊಳಗೆ ಇತ್ಯರ್ಥವಾಗಬೇಕಾಯಿತು, ಯಾಕೆಂದರೆ ಚುನಾವಣೆ ಕಾಯುವುದಿಲ್ಲ. ಆ ತೀರ್ಮಾನದ ಒಳಗಿನ ಒಂದು ಸಂಗತಿ ನನಗೆ ಎಲ್ಲಕ್ಕಿಂತ ಕಳವಳ ತರುತ್ತದೆ. ಲಿಂಗಾಯತರ ಜೊತೆಗೆ, ಬಸವತತ್ತ್ವವನ್ನು ನಂಬುವ ವೀರಶೈವ ಲಿಂಗಾಯತರೂ ಸೇರುತ್ತಾರೆಂದು ಸಂಪುಟ ಸೂತ್ರ ಹೊಸೆಯಿತು. ಯಾರು ಏನನ್ನು ನಂಬಿದರೆ ಈ ಧರ್ಮದವರು ಎಂಬುದನ್ನು ಮಂತ್ರಿಗಳು ಕುಳಿತು ಬರೆದರು. ಮಠದ ಅಂಗಳದಲ್ಲಿ ವರ್ಷಗಟ್ಟಲೆ ಬಗೆಹರಿಯದ ಜಗಳಕ್ಕೆ ವಿಧಾನಸೌಧದಲ್ಲಿ ಒಂದು ವಾಕ್ಯದ ತೇಪೆ ಬಿತ್ತು. ಕಾಂಗ್ರೆಸ್ 122 ಸ್ಥಾನಗಳಿಂದ 80ಕ್ಕೆ ಇಳಿಯಿತು. ಆ ಸೋಲಿಗೆ ಕಾರಣಗಳು ಹಲವಿದ್ದವು. ಆದರೆ ಅಕ್ಟೋಬರಿನಲ್ಲಿ ಅದೇ ಪಕ್ಷದ ಡಿ.ಕೆ. ಶಿವಕುಮಾರ್ ಧರ್ಮದ ವಿಷಯಕ್ಕೆ ಸರ್ಕಾರ ಕೈಹಾಕಿದ್ದು ತಪ್ಪೆಂದು ಬಹಿರಂಗವಾಗಿ ಹೇಳಿದರು, ವಿಜಯಪುರ ಜಿಲ್ಲೆಯ ಎಂ.ಬಿ. ಪಾಟೀಲರು ಅದನ್ನು ಒಪ್ಪಲಿಲ್ಲ. ಒಂದು ಧರ್ಮದ ನಿಜ ಹೀಗೆ ಒಂದು ಪಕ್ಷದ ಲಾಭನಷ್ಟದ ಲೆಕ್ಕಕ್ಕೆ ಸೇರಿತು.

ಮುದ್ರೆ ಕೊಡುವ ಅಧಿಕಾರವುಳ್ಳವನಿಗೆ ನಿರಾಕರಿಸುವ ಅಧಿಕಾರವೂ ಇರುತ್ತದೆ. ತಾನು ಹಿಂದೂ ಅಲ್ಲ ಎಂಬ ರಾಮಕೃಷ್ಣ ಮಿಷನ್ನಿನ ವಾದವನ್ನು ಸುಪ್ರೀಂ ಕೋರ್ಟ್ 1995ರಲ್ಲಿ ತಳ್ಳಿಹಾಕಿತ್ತು. 1955ರ ಹಿಂದೂ ವಿವಾಹ ಕಾಯ್ದೆ ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನು ಎತ್ತಿ ಹೇಳಿಯೇ ಹಿಂದೂಗಳ ಸಾಲಿಗೆ ಸೇರಿಸಿದೆ. ಪ್ರತ್ಯೇಕ ಧರ್ಮದ ಮಾನ್ಯತೆ ಕೋರಿದ್ದ ವೀರಶೈವ ಮಹಾಸಭೆಯ ಮನವಿಯನ್ನು ಕೇಂದ್ರ 2013ರಲ್ಲಿ ತಿರಸ್ಕರಿಸಿದಾಗ ಕೊಟ್ಟ ಕಾರಣಗಳಲ್ಲಿ ಒಂದನ್ನು ಎಲ್ಲರೂ ಮತ್ತೊಮ್ಮೆ ಓದಬೇಕು. ಇದು ಬೇರೆ ಧರ್ಮವಾದರೆ ಇದರೊಳಗಿನ ಪರಿಶಿಷ್ಟ ಜಾತಿಯವರು ಆ ಸ್ಥಾನ ಕಳೆದುಕೊಳ್ಳುತ್ತಾರೆ ಎಂಬುದೇ ಆ ಕಾರಣ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತ್ತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದು ವಿಸ್ತರಿಸಿತು. ಕ್ರೈಸ್ತರಾದ ದಲಿತರು ಇಂದಿಗೂ ಹೊರಗಿದ್ದಾರೆ. ಅಂದರೆ ಲಿಂಗಾಯತರ ಬೇಡಿಕೆಗೆ ಅಡ್ಡಬಂದ ಗೋಡೆಯೂ, ದಲಿತ ಕ್ರೈಸ್ತನನ್ನು ಏಳು ದಶಕಗಳಿಂದ ಹೊರಗಿಟ್ಟ ಗೋಡೆಯೂ ಒಂದೇ. ಚಳವಳಿಯ ವೇದಿಕೆಗಳಲ್ಲಿ ಈ ನಂಟು ಎಂದಾದರೂ ಮುಖ್ಯ ಮಾತಾಗಿದ್ದರೆ ಅದರ ನೈತಿಕ ಬಲವೇ ಬೇರೆಯಾಗುತ್ತಿತ್ತು.

ಮಾನ್ಯತೆ ಕೇಳಿದ್ದರಲ್ಲಿ ತಪ್ಪೇನು, ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ಶಿಕ್ಷಣ ಸಂಸ್ಥೆಗಳ ಮೇಲೆ ಹಕ್ಕು ಕೊಟ್ಟಿದೆ, ಜೈನರು 2014ರಲ್ಲಿ ರಾಷ್ಟ್ರಮಟ್ಟದಲ್ಲಿ ಪಡೆದದ್ದನ್ನು ಲಿಂಗಾಯತರು ಯಾಕೆ ಪಡೆಯಬಾರದು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಕಾನೂನಿನ ಹಕ್ಕನ್ನು ಕೇಳುವುದು ತಪ್ಪಲ್ಲ. ಆದರೆ ಆ ಹಕ್ಕಿನ ಫಲ ಮೊದಲು ಮುಟ್ಟುವುದು ಕಾಲೇಜುಗಳ ಆಡಳಿತ ಮಂಡಳಿಗೆ. ಸಿಂದಗಿಯ ಒಣ ಹೊಲದಲ್ಲಿ ತೊಗರಿ ಬಿಡಿಸುವ ಹೆಂಗಸಿಗೆ, ಅವಳು ಲಿಂಗಾಯತಳೇ ಆಗಿದ್ದರೂ, ಅದರಿಂದ ಏನು ಸಿಗುತ್ತದೆಂದು ಹೇಳುವುದು ಕಷ್ಟ. ಇದಕ್ಕಿಂತ ಕಠಿಣ ಪರೀಕ್ಷೆ 2023ರ ಮಾರ್ಚಿನಲ್ಲಿ ಬಂತು. ಬೊಮ್ಮಾಯಿ ಸರ್ಕಾರ ಮುಸ್ಲಿಮರ ಶೇ 4ರ ಮೀಸಲಾತಿಯನ್ನು ತೆಗೆದು, ಅದರ ಅರ್ಧವನ್ನು ಒಕ್ಕಲಿಗರಿಗೂ ಅರ್ಧವನ್ನು ಲಿಂಗಾಯತರಿಗೂ ಹಂಚಿತು. ಲಿಂಗಾಯತರ ಪಾಲು ಶೇ 5ರಿಂದ 7ಕ್ಕೆ ಏರಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ ಜಾರಿ ನಿಂತಿತು. ಆ ದಿನಗಳಲ್ಲಿ ಸಮುದಾಯದೊಳಗೆ ಜೋರಾಗಿ ನಡೆದ ಚರ್ಚೆ ಈ ಶೇ 2 ಸಾಕೇ ಎಂಬುದು. ಇದು ಯಾರ ತಟ್ಟೆಯಿಂದ ಬಂತು ಎಂಬ ಪ್ರಶ್ನೆ ಮಠಗಳಿಂದ ಒಕ್ಕೊರಲಿನಿಂದ ಬರಬೇಕಿತ್ತು. ದಾಸೋಹದ ಧರ್ಮಕ್ಕೆ ಅದು ಮೊದಲು ಹೊಳೆಯಬೇಕಾದ ಪ್ರಶ್ನೆ. ಅದು ಬರಲಿಲ್ಲವೆಂಬುದು ಈ ಇಡೀ ಹೋರಾಟದ ಬಗ್ಗೆ ನನಗಿರುವ ದೊಡ್ಡ ತಕರಾರು.

ಕ್ರೈಸ್ತರ ಸ್ಥಿತಿ ಬೇರೆ. ಅವರು ಏನನ್ನೂ ಪಡೆಯಲು ಹೊರಟಿರಲಿಲ್ಲ, ಅವರನ್ನು ಎಳೆದು ನಿಲ್ಲಿಸಲಾಯಿತು. 2021ರ ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಮತಾಂತರ ತಡೆಯುವ ಮಸೂದೆ ಮಂಡನೆಯಾಯಿತು. 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ, ಸೆಪ್ಟೆಂಬರಿನಲ್ಲಿ ಪರಿಷತ್ತಿನ ಒಪ್ಪಿಗೆ ಪಡೆಯಿತು. ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು. ಅಪ್ರಾಪ್ತರು, ಬುದ್ಧಿ ಸ್ವಾಧೀನವಿಲ್ಲದವರು, ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು, ಇವರೆಲ್ಲರನ್ನೂ ಒಂದೇ ಉಪವಾಕ್ಯದಲ್ಲಿ ಸೇರಿಸಿ, ಇವರನ್ನು ಕಾನೂನಿಗೆ ವಿರುದ್ಧವಾಗಿ ಮತಾಂತರಿಸಿದರೆ 3ರಿಂದ 10 ವರ್ಷ ಶಿಕ್ಷೆ ಎಂದು ಕಾನೂನು ಹೇಳಿತು. ಬೆಂಗಳೂರಿನ ಆರ್ಚ್‌ಬಿಷಪ್ ಪೀಟರ್ ಮಚಾಡೊ ಮೊದಲಾದವರು ಇದನ್ನು ಧೈರ್ಯವಾಗಿ ವಿರೋಧಿಸಿದರು. ಆ ಧೈರ್ಯಕ್ಕೆ ಗೌರವ ಸಲ್ಲಬೇಕು. ಆದರೂ ಚರ್ಚಿನ ಪರವಾಗಿ ಪದೇ ಪದೇ ಬಂದ ಒಂದು ವಾದ ನನಗೆ ಸರಿಕಾಣುವುದಿಲ್ಲ: ರಾಜ್ಯದಲ್ಲಿ ಕ್ರೈಸ್ತರ ಪ್ರಮಾಣ 2001ರಲ್ಲಿ ಶೇ 1.91 ಇದ್ದದ್ದು 2011ರಲ್ಲಿ ಶೇ 1.87ಕ್ಕೆ ಇಳಿದಿದೆ, ನಾವು ಬೆಳೆಯುತ್ತಿಲ್ಲ ಎಂಬುದು. ಅಂಕಿ ಸರಿ. ಆದರೆ ಬೆಳೆದಿದ್ದರೆ ಅಪರಾಧವಾಗುತ್ತಿತ್ತೆಂದು ಒಪ್ಪಿಕೊಂಡಂತಾಯಿತಲ್ಲ! ನಮ್ಮ ಶಾಲೆಗಳಲ್ಲಿ ಎಲ್ಲರೂ ಕಲಿತಿದ್ದಾರೆ, ನಮ್ಮ ಆಸ್ಪತ್ರೆಗಳಲ್ಲಿ ಎಲ್ಲರೂ ಗುಣವಾಗಿದ್ದಾರೆ ಎಂಬುದೂ ಸಂಸ್ಥೆಯ ಸಮರ್ಥನೆಯೇ. ಗಟ್ಟಿಯಾದ ವಾದ ಆ ಉಪವಾಕ್ಯದಲ್ಲೇ ಇತ್ತು. ವಯಸ್ಸಿಗೆ ಬಂದ ಒಬ್ಬ ದಲಿತ ಹೆಣ್ಣುಮಗಳಿಗೆ ತನ್ನ ದೇವರನ್ನು ಆರಿಸಿಕೊಳ್ಳುವ ಬುದ್ಧಿಯಿಲ್ಲ ಎಂದು ಸರ್ಕಾರ ಬರೆದಿತ್ತು. ಅವಳು ಚರ್ಚಿಗೆ ಬರಲಿ, ಬರದಿರಲಿ, ಬೌದ್ಧಳೇ ಆಗಲಿ, ಅವಳ ಪರವಾಗಿ ನಿಂತಿದ್ದರೆ ಈ ಜಗಳ ಕ್ರೈಸ್ತರದೊಂದೇ ಆಗಿ ಉಳಿಯುತ್ತಿರಲಿಲ್ಲ.

ದಾಳಿಗೆ ಸಿಕ್ಕ ಪುಟ್ಟ ಸಮುದಾಯಕ್ಕೆ ಬೇರೆಯವರ ಪರ ಮಾತಾಡು ಎಂದು ಉಪದೇಶಿಸುವುದು ಕ್ರೂರವಲ್ಲವೇ ಎನ್ನಬಹುದು. 2008ರಲ್ಲಿ ಕರಾವಳಿಯ ಚರ್ಚುಗಳ ಮೇಲೆ ನಡೆದ ದಾಳಿಯನ್ನು ನೆನೆದರೆ ಈ ಆಕ್ಷೇಪದ ಭಾರ ತಿಳಿಯುತ್ತದೆ. ಏಟು ತಿಂದವರು ಮೊದಲು ತಮ್ಮ ನೋವನ್ನೇ ಹೇಳಬೇಕು, ಹೇಳಲಿ. ನಾನು ಕೇಳುತ್ತಿರುವುದು ಅವರು ಯಾವ ನೆಲದ ಮೇಲೆ ನಿಂತು ಹೇಳುತ್ತಾರೆ ಎಂಬುದನ್ನು. ಕನ್ನಡ ಕ್ರೈಸ್ತರಿಗೆ ಈ ನೆಲ ಹೊಸದೂ ಅಲ್ಲ. ಬಾಸೆಲ್ ಮಿಷನ್ನಿನ ಪಾದ್ರಿಯಾಗಿದ್ದ ಉತ್ತಂಗಿ ಚನ್ನಪ್ಪನವರು 1924ರಲ್ಲಿ ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ ಪ್ರಕಟಿಸಿದರು. ಅನುಭವ ಮಂಟಪ ಇತ್ತೇ ಎಂದು ವಿದ್ವಾಂಸರು ಸಂದೇಹಪಟ್ಟಾಗ ಅದರ ಐತಿಹಾಸಿಕತೆಯನ್ನು ಎತ್ತಿಹಿಡಿದು ಪುಸ್ತಕ ಬರೆದರು. ಸಿದ್ಧರಾಮ, ಮೋಳಿಗೆ ಮಾರಯ್ಯರ ವಚನಗಳಿಗಾಗಿ ಬದುಕು ತೇದರು. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಮರುವರ್ಷ, 1949ರಲ್ಲಿ, ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಈ ಕ್ರೈಸ್ತ ಪಾದ್ರಿ ಅಧ್ಯಕ್ಷರಾದರು. ಅವರು ಕ್ರಿಸ್ತನನ್ನು ಬಿಟ್ಟಿರಲಿಲ್ಲ, ತಮ್ಮ ಸಭೆಗಾಗಿ ಏನನ್ನೂ ಬೇಡಲಿಲ್ಲ. ಒಬ್ಬ ಪಾದ್ರಿ ಲಿಂಗಾಯತರ ಇತಿಹಾಸಕ್ಕಾಗಿ ನುಡಿದ ಸಾಕ್ಷ್ಯಕ್ಕೆ ಎಷ್ಟು ತೂಕ ಬಂತೋ ಅಷ್ಟು ತೂಕ ಅದೇ ಮಾತು ಸ್ವಂತ ಸಮುದಾಯದವರಿಂದ ಬಂದಿದ್ದರೆ ಬರುತ್ತಿರಲಿಲ್ಲ.

ಧರ್ಮವೇ ರಾಜಕೀಯದಿಂದ ದೂರ ಸರಿಯಲಿ, ತಂಟೆಯೇ ಇರುವುದಿಲ್ಲ ಎಂಬ ಇನ್ನೊಂದು ಉತ್ತರವೂ ಇದೆ. ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿಯವರು ಅದೇ 2018ರಲ್ಲಿ ಪದ್ಮಶ್ರೀಯನ್ನು ವಿನಯದಿಂದ ನಿರಾಕರಿಸಿದರು, ತಮಗೆ ಸ್ಮಾರಕ ಬೇಡವೆಂದು ಬರೆದಿಟ್ಟರು. ಮುದ್ರೆ ಬೇಡವೆನ್ನಲು ಬೇಕಾದ ನಿರಾಳತೆ ಅಪರೂಪದ್ದು, ನಾನು ಅದಕ್ಕೆ ತಲೆಬಾಗುತ್ತೇನೆ. ಆದರೆ ಎಲ್ಲರೂ ಹಿಂದೆ ಸರಿದರೆ ಬಯಲು ಯಾರ ಪಾಲಾಗುತ್ತದೆ ಎಂಬುದನ್ನು ಸಿಂದಗಿ ತಾಲ್ಲೂಕಿನಲ್ಲಿ ಹುಟ್ಟಿದ ಎಂ.ಎಂ. ಕಲಬುರ್ಗಿಯವರ ಬದುಕು ಹೇಳುತ್ತದೆ. ಲಿಂಗಾಯತ ಸ್ವತಂತ್ರ ಧರ್ಮವೆಂದು ಸಂಶೋಧನೆಯಿಂದ ವಾದಿಸಿದ ಅವರನ್ನು 1989ರಲ್ಲಿ ‘ಮಾರ್ಗ’ ಸಂಪುಟದ ಬರಹಕ್ಕಾಗಿ ಸಮುದಾಯದವರೇ ಒತ್ತಡ ಹೇರಿ ಮಾತು ಹಿಂಪಡೆಯುವಂತೆ ಮಾಡಿದರು. 2015ರ ಆಗಸ್ಟ್ 30ರಂದು ಧಾರವಾಡದ ಮನೆಯ ಬಾಗಿಲಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ಎರಡೇ ವರ್ಷದಲ್ಲಿ ಅವರ ಸಂಶೋಧನೆ ಚಳವಳಿಯ ಆಧಾರವಾಯಿತು. ಸರ್ಕಾರದಿಂದ ಸ್ವಾತಂತ್ರ್ಯ ಕೇಳುವ ಧರ್ಮ ತನ್ನ ವಿದ್ವಾಂಸನಿಗೆ ಆ ಸ್ವಾತಂತ್ರ್ಯವನ್ನು ಕೊಟ್ಟಿರಲಿಲ್ಲ. ಅದಕ್ಕಾಗಿ ಪಶ್ಚಾತ್ತಾಪದ ಒಂದು ಠರಾವನ್ನಾದರೂ ಚಳವಳಿ ಮಾಡಬಹುದಿತ್ತು.

ಬಸವಣ್ಣ ರಾಜಕೀಯದಿಂದ ದೂರ ಸರಿದವರಲ್ಲ. ಬಿಜ್ಜಳನ ಭಂಡಾರಿಯಾಗಿ ಅಧಿಕಾರದ ಒಳಗೇ ಇದ್ದರು. ಆ ಅಧಿಕಾರವನ್ನು ಅವರು ಕಳೆದುಕೊಂಡದ್ದು ಶರಣರಿಗೆ ಮಾನ್ಯತೆ ಕೇಳಿದ್ದಕ್ಕಲ್ಲ. ಪರಂಪರೆ ಹೇಳುವಂತೆ, ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಆದ ಮದುವೆಯ ಪರ ನಿಂತದ್ದಕ್ಕೆ. ಕಲ್ಯಾಣ ಕೆಟ್ಟಿತು, ನೀಲಮ್ಮನೂ ಹಡಪದ ಅಪ್ಪಣ್ಣನೂ ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಲ್ಲಿ, ಕೃಷ್ಣೆಯ ದಡದಲ್ಲಿ ಐಕ್ಯರಾದರೆಂದು ಜನ ನಂಬುತ್ತಾರೆ. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಬಸವಣ್ಣನನ್ನು ಸಾಂಸ್ಕೃತಿಕ ನಾಯಕನೆಂದು ಘೋಷಿಸಿತು. ಆ ಗೌರವವನ್ನು ಸಂತೋಷದಿಂದ ಸ್ವೀಕರಿಸಿದ ಮಠಗಳ ಮುಂದೆ ಈಗ ಮಾಡಬಹುದಾದ ಒಂದು ಕೆಲಸವಿದೆ. ಕ್ರೈಸ್ತ ಮತ್ತು ಮುಸ್ಲಿಂ ದಲಿತರಿಗೆ ಪರಿಶಿಷ್ಟ ಸ್ಥಾನ ಕೊಡಬಹುದೇ ಎಂದು ಪರಿಶೀಲಿಸಲು ಕೇಂದ್ರ 2022ರ ಅಕ್ಟೋಬರಿನಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗವನ್ನು ನೇಮಿಸಿತು. ಸುಪ್ರೀಂ ಕೋರ್ಟಿನಲ್ಲಿ ಇದೇ ಪ್ರಶ್ನೆಯ ಅರ್ಜಿ 2004ರದು. 1950ರ ಆದೇಶದ ಅನ್ಯಾಯ ಏನೆಂದು 2013ರ ತಿರಸ್ಕಾರದ ಪತ್ರ ಓದಿದ ಲಿಂಗಾಯತರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ತಮಗೆ ಒಂದು ಸೀಟೂ ಒಂದು ಹುದ್ದೆಯೂ ಬರದ ಆ ಮೊಕದ್ದಮೆಯಲ್ಲಿ ದಲಿತ ಕ್ರೈಸ್ತರ ಪರವಾಗಿ ಬಸವನ ಬಾಗೇವಾಡಿಯ ಹೆಸರಿನಲ್ಲಿ ಒಂದು ಅರ್ಜಿ ಹೋಗಲಿ. ಅದಕ್ಕೆ ಬೀದರಿನಷ್ಟು ಜನ ಸೇರಬೇಕಾಗಿಲ್ಲ, ಹತ್ತು ಮಠಾಧೀಶರ ಸಹಿ ಸಾಕು.