ಲೆಕ್ಕಪರಿಶೋಧನ ಸಮಿತಿ ಮತ್ತು ಎಣಿಕೆಯ ಅಳತೆಗೋಲು: ಒಂದು ವಿಮರ್ಶೆ

ಕಂಪನಿಗಳ ಹಣಕಾಸಿನ ವರದಿಯ ಗುಣಮಟ್ಟಕ್ಕೂ ಅವುಗಳ ಲೆಕ್ಕಪರಿಶೋಧನ ಸಮಿತಿಗಳಿಗೂ ಇರುವ ಸಂಬಂಧವನ್ನು ಕುರಿತು ವಾಣಿಜ್ಯಶಾಸ್ತ್ರದಲ್ಲಿ ಹೇರಳವಾದ ಸಂಶೋಧನೆ ನಡೆದಿದೆ. ಸಮಿತಿಯಲ್ಲಿ ಸ್ವತಂತ್ರ ನಿರ್ದೇಶಕರೆಷ್ಟು, ಲೆಕ್ಕಶಾಸ್ತ್ರ ಬಲ್ಲವರೆಷ್ಟು, ವರ್ಷಕ್ಕೆ ಸಭೆಗಳೆಷ್ಟು ಎಂದು ಎಣಿಸಿ, ಆ ಎಣಿಕೆಯನ್ನು ಲಾಭದ ಅಂಕಿಗಳೊಡನೆ ತಾಳೆಹಾಕುವುದು ಇವುಗಳ ಸಾಮಾನ್ಯ ಕ್ರಮ. ಈ ಕ್ರಮವು ಎಷ್ಟರ ಮಟ್ಟಿಗೆ ಸಾಧುವೆಂಬುದನ್ನು ಒಂದು ನಿದರ್ಶನದ ಮೂಲಕ ಪರಿಶೀಲಿಸಬೇಕೆಂದು ನಾವು ಉದ್ದೇಶಿಸಿದ್ದೇವೆ.

ಎಣಿಕೆಯಿಂದ ಏನೂ ತಿಳಿಯದೆಂಬುದು ನಮ್ಮ ವಾದವಲ್ಲ. ಅಮೆರಿಕದ ಕಂಪನಿಗಳನ್ನು ಕುರಿತು ಏಪ್ರಿಲ್ ಕ್ಲೈನ್ ಅವರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಮಿತಿಯಲ್ಲಿ ಸ್ವತಂತ್ರ ನಿರ್ದೇಶಕರು ಅಲ್ಪಸಂಖ್ಯಾತರಾಗಿರುವ ಕಡೆ ಲಾಭವನ್ನು ತಿದ್ದಿ ತೋರಿಸುವ ಪ್ರವೃತ್ತಿ ಹೆಚ್ಚೆಂದು ಕಂಡುಬಂದಿತು. ಅವರಿಗೆ ಬಹುಮತ ದೊರೆತ ಮೇಲೆ, ಸಮಿತಿಯ ಎಲ್ಲರೂ ಸ್ವತಂತ್ರರಾಗುವುದರಿಂದ ಹೆಚ್ಚಿನ ಪ್ರಯೋಜನವು ಅದೇ ಅಧ್ಯಯನದಲ್ಲಿ ಕಾಣಲಿಲ್ಲ. ನಮ್ಮ ವಿದ್ಯಾರ್ಥಿಗಳು ಮೊದಲನೆಯ ಮಾತನ್ನು ಉದ್ಧರಿಸಿ ಎರಡನೆಯದನ್ನು ಬಿಟ್ಟುಬಿಡುವುದುಂಟು.

ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವಿಸಸ್ ಕಂಪನಿಯ ಪ್ರಕರಣವನ್ನು ತೆಗೆದುಕೊಳ್ಳೋಣ. 2009ರ ಜನವರಿ 7ರಂದು ಅದರ ಅಧ್ಯಕ್ಷರಾಗಿದ್ದ ಬಿ. ರಾಮಲಿಂಗರಾಜು ಅವರು ನಿರ್ದೇಶಕ ಮಂಡಲಿಗೆ ಪತ್ರ ಬರೆದು, 2008ರ ಸೆಪ್ಟೆಂಬರ್ 30ರ ಅಡಾವೆ ಪತ್ರಿಕೆಯಲ್ಲಿ ಕಾಣಿಸಿದ್ದ 5,361 ಕೋಟಿ ರೂಪಾಯಿಗಳ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲವೆಂದು ಒಪ್ಪಿಕೊಂಡರು. ಆ ತ್ರೈಮಾಸಿಕದ ನಿರ್ವಹಣ ಲಾಭವು 649 ಕೋಟಿಯೆಂದು ತೋರಿಸಲ್ಪಟ್ಟಿತ್ತು. ವಾಸ್ತವವಾಗಿ ಅದು 61 ಕೋಟಿ. ಈ ಕಂಪನಿಯ ಲೆಕ್ಕಪರಿಶೋಧನ ಸಮಿತಿಯಲ್ಲಿ ಇದ್ದವರಾದರೋ ಸ್ವತಂತ್ರ ನಿರ್ದೇಶಕರೇ. ವಿದ್ವಾಂಸರು, ಸರ್ಕಾರದ ಉನ್ನತ ಹುದ್ದೆಯಲ್ಲಿದ್ದವರು. ಎಣಿಕೆಯ ಅಳತೆಗೋಲು ಇಂಥ ಸಮಿತಿಗೆ ಪೂರ್ಣಾಂಕ ಕೊಡದೆ ವಿಧಿಯಿಲ್ಲ.

ಹಾಗಾದರೆ ಕೊರತೆ ಎಲ್ಲಿತ್ತು? ಬ್ಯಾಂಕಿನ ಠೇವಣಿಯು ವಸೂಲಾಗದ ಸಾಲದಂತೆ ಅಂದಾಜಿನ ವಿಷಯವಲ್ಲ; ಇದೆಯೋ ಇಲ್ಲವೋ ಎಂಬುದನ್ನು ಬ್ಯಾಂಕನ್ನೇ ಕೇಳಿ ತಿಳಿಯಬಹುದು. ಲೆಕ್ಕಪರಿಶೋಧಕನು ತಾನೇ ಬ್ಯಾಂಕಿಗೆ ಪತ್ರ ಬರೆದು, ಉತ್ತರವನ್ನು ನೇರವಾಗಿ ತಾನೇ ಪಡೆಯುವುದು ಸ್ಥಾಪಿತ ಪದ್ಧತಿ. ಸತ್ಯಂ ಪ್ರಕರಣದಲ್ಲಿ ಈ ಪತ್ರಗಳ ರವಾನೆಯನ್ನೂ ಸ್ವೀಕಾರವನ್ನೂ ಲೆಕ್ಕಪರಿಶೋಧಕರು ಕಂಪನಿಯ ಆಡಳಿತವರ್ಗದ ಕೈಗೆ ಬಿಟ್ಟಿದ್ದರೆಂದು ಅಮೆರಿಕದ ಸೆಕ್ಯುರಿಟೀಸ್ ಅಂಡ್ ಎಕ್ಸ್‌ಚೇಂಜ್ ಕಮಿಷನ್ 2011ರ ತನ್ನ ಆದೇಶದಲ್ಲಿ ನಮೂದಿಸಿತು. ಯಾರ ಲೆಕ್ಕವು ಪರೀಕ್ಷೆಗೊಳಗಾಗಬೇಕೋ ಅವರೇ ಸಾಕ್ಷಿಯನ್ನು ಕರೆತಂದಂತಾಯಿತು. ಸಮಿತಿಯ ಸದಸ್ಯರು ಬ್ಯಾಂಕಿಗೆ ಹೋಗಿ ಹಣ ಎಣಿಸಬೇಕೆಂದು ಯಾರೂ ಹೇಳರು. ಆದರೆ ‘ಬ್ಯಾಂಕಿನ ಉತ್ತರ ನಿಮಗೆ ನೇರವಾಗಿ ಬಂದಿತೇ?’ ಎಂದು ಪರಿಶೋಧಕರನ್ನು ಕೇಳುವುದು ಅವರ ಅಧಿಕಾರದೊಳಗಿನ ಕೆಲಸ. ಪರಿಶೋಧಕರು ಸುಳ್ಳು ಹೇಳಬಹುದಿತ್ತೆಂದು ಆಕ್ಷೇಪಿಸಬಹುದು. ಹೇಳಿದ್ದರೆ ಆ ಸುಳ್ಳು ನಡಾವಳಿಯಲ್ಲಿ ದಾಖಲಾಗುತ್ತಿತ್ತು.

2013ರ ಕಂಪನಿ ಶಾಸನದ 177ನೆಯ ಪ್ರಕರಣವು ಪರಿಶೋಧನಕಾರ್ಯದ ಪರಿಣಾಮಕಾರಿತ್ವವನ್ನು ವಿಮರ್ಶಿಸುವ ಹೊಣೆಯನ್ನು ಸಮಿತಿಗೆ ಸ್ಪಷ್ಟವಾಗಿಯೇ ವಹಿಸಿದೆ. ವಾರ್ಷಿಕ ವರದಿಯಲ್ಲಾದರೋ ಅಚ್ಚಾಗುವುದು ಸದಸ್ಯರ ಹೆಸರು, ಸಭೆಗಳ ಸಂಖ್ಯೆ, ಹಾಜರಿ. ಸಂಶೋಧಕನು ಅಚ್ಚಾದುದನ್ನು ಎಣಿಸುತ್ತಾನೆ. ಕೇಳಿದ ಪ್ರಶ್ನೆ, ಬಂದ ಉತ್ತರ ಅವನ ಕಣ್ಣಿಗೆ ಬೀಳುವುದಿಲ್ಲ. ಅವು ಹೊರಬರುವುದು ನಿಯಂತ್ರಕರ ಆದೇಶಗಳಲ್ಲಿ, ನ್ಯಾಯಾಲಯದ ದಾಖಲೆಗಳಲ್ಲಿ. ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳು ಅಲ್ಲಿಂದ ಆರಂಭಿಸಬಹುದೆಂದು ನಮಗೆ ತೋರುತ್ತದೆ. ಆದರೆ ಅಲ್ಲಿ ದೊರೆಯುವುದು ಸೋತ ಸಮಿತಿಗಳ ವೃತ್ತಾಂತವೇ. ಸಕಾಲದಲ್ಲಿ ಪ್ರಶ್ನಿಸಿ ಮೋಸವನ್ನು ಮೊಳಕೆಯಲ್ಲಿಯೇ ತಡೆದ ಸಮಿತಿಯು ಯಾವ ಕಡತಕ್ಕೂ ಬರುವುದಿಲ್ಲವೆಂಬ ತೊಡಕನ್ನು ಅವರು ಮೊದಲೇ ಒಪ್ಪಿಕೊಂಡು ಹೊರಡಬೇಕಾಗುತ್ತದೆ.