ಕನ್ನಡದ ಪಂಚಮೀ ವಿಭಕ್ತಿಯ ವಿಚಾರ

ಕನ್ನಡ ನಾಮಪದಗಳಿಗೆ ವಿಭಕ್ತಿಗಳು ಏಳೆಂಬುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಮತ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ತೃತೀಯೆಗೆ ‘ಇಂ’ ಎಂತಲೂ ಪಂಚಮಿಗೆ ‘ಅತ್ತಣಿಂ’ ಎಂತಲೂ ಪ್ರತ್ಯಯಗಳನ್ನು ವಿಧಿಸಿರುವನು. ಆ ಜಾಡಿನಲ್ಲಿಯೇ ಹೊಸಗನ್ನಡದ ಪಾಠಶಾಲಾ ವ್ಯಾಕರಣಗಳು ತೃತೀಯೆಗೆ ‘ಇಂದ’, ಪಂಚಮಿಗೆ ‘ದೆಸೆಯಿಂದ’ ಎಂದು ಬರೆಯುತ್ತ ಬಂದಿವೆ. ಈ ಪಂಚಮಿಯು ಭಾಷೆಯಲ್ಲಿ ಇರುವುದೋ, ಪಟ್ಟಿಯಲ್ಲಿ ಮಾತ್ರ ಇರುವುದೋ ಎಂಬುದೇ ಪ್ರಕೃತ ಪ್ರಶ್ನೆ.

‘ರಾಮಃ ರಾಮೌ ರಾಮಾಃ’ ಎಂದು ಉರುಹೊಡೆದು ವ್ಯಾಕರಣದೊಳಕ್ಕೆ ಬಂದವನು ನಾನು. ಏಳು ವಿಭಕ್ತಿಗಳಲ್ಲಿ ಒಂದು ಕಡಮೆಯಾದರೂ ಭಾಷೆಗೆ ಊನವೆಂದೇ ಭಾವಿಸಿ, ‘ಮರದ ದೆಸೆಯಿಂದ ಹಣ್ಣು ಬಿದ್ದಿತು’ ಎಂಬ ಉದಾಹರಣೆಯನ್ನು ಅನೇಕ ವರ್ಷ ಮಕ್ಕಳಿಗೆ ಹೇಳಿಕೊಟ್ಟೆನು. ಒಂದು ದಿನ ಒಬ್ಬ ಹುಡುಗನು, “ಹಣ್ಣು ಬೀಳುವಂತೆ ಮರ ಏನು ಮಾಡಿತು, ಪಂಡಿತರೇ?” ಎಂದು ಕೇಳಿದನು. ತರಗತಿಯು ನಕ್ಕಿತು, ನನಗೆ ಉತ್ತರ ತೋಚಲಿಲ್ಲ. ಹುಡುಗನ ಕಿವಿಯೇ ಸರಿ. ‘ಮಳೆಯ ದೆಸೆಯಿಂದ ಬೆಳೆ ಕೆಟ್ಟಿತು’ ಎಂಬಲ್ಲಿ ತೋರುವುದು ಕಾರಣವೇ ಹೊರತು ಅಗಲಿಕೆಯಲ್ಲ. ಹೇತ್ವರ್ಥಕ್ಕೆ ಸಂಸ್ಕೃತದಲ್ಲಿಯೂ ತೃತೀಯೆಯೇ ಮುಖ್ಯ. ಪಂಚಮಿಗೆಂದು ನಾವು ನಿಯಮಿಸಿದ ಪದವು ತೃತೀಯೆಯ ಕೆಲಸವನ್ನೇ ಮಾಡುತ್ತಿರುವುದು.

ಇನ್ನು ರೂಪವನ್ನು ಪರೀಕ್ಷಿಸೋಣ. ‘ದೆಸೆಯಿಂದ’ ಎಂಬುದು ‘ದಿಶಾ’ ಶಬ್ದದ ತದ್ಭವವಾದ ‘ದೆಸೆ’ಗೆ ‘ಇಂದ’ ಸೇರಿ ಆದ ಪದ. ಹಳಗನ್ನಡದ ‘ಅತ್ತಣಿಂ’ ಎಂಬುದರಲ್ಲಿಯೂ ‘ಅತ್ತಣ’ ಎಂಬ ದಿಗ್ವಾಚಕವನ್ನು ತೆಗೆದರೆ ಉಳಿಯುವುದು ‘ಇಂ’ ಒಂದೇ. ಹೀಗೆ ಪಂಚಮಿಯ ಮುಸುಕನ್ನು ತೆರೆದು ನೋಡಿದರೆ ಒಳಗಿರುವುದು ತೃತೀಯೆ.

ಸಂಸ್ಕೃತದ ಮಾದರಿಯನ್ನು ಬಿಡಬಹುದೇ ಎಂದು ಕೆಲವರು ಆಕ್ಷೇಪಿಸಬಹುದು. ಆ ಮಾದರಿಯನ್ನು ಸರಿಯಾಗಿ ಅನುಸರಿಸಿದರೇ ಈ ಸಿದ್ಧಾಂತವು ಲಭಿಸುವುದೆಂದು ನನ್ನ ಅಭಿಪ್ರಾಯ. ಪಾಣಿನಿಯು ಕಾರಕವನ್ನೂ ವಿಭಕ್ತಿಯನ್ನೂ ಬೆರೆಸಲಿಲ್ಲ. ಅಪಾದಾನವೆಂಬ ಅರ್ಥವನ್ನು ಮೊದಲನೆಯ ಅಧ್ಯಾಯದಲ್ಲಿ ನಿರೂಪಿಸಿ, ಅದಕ್ಕೆ ಪಂಚಮಿಯನ್ನು ಎರಡನೆಯ ಅಧ್ಯಾಯದಲ್ಲಿ ವಿಧಿಸಿ, 21 ಸುಪ್ ಪ್ರತ್ಯಯಗಳನ್ನು ನಾಲ್ಕನೆಯ ಅಧ್ಯಾಯದಲ್ಲಿ ಪಠಿಸಿದನು. ಸಂಸ್ಕೃತದಲ್ಲಿಯೂ ಪಂಚಮಿಗೆ ಎಲ್ಲೆಡೆಯೂ ಸ್ವಂತ ರೂಪವಿಲ್ಲ. ‘ಹರೇಃ’, ‘ಗುರೋಃ’, ‘ನದ್ಯಾಃ’ ಎಂಬವು ಪಂಚಮಿಯೂ ಹೌದು, ಷಷ್ಠಿಯೂ ಹೌದು. ‘ರಾಮೇಭ್ಯಃ’ ಎಂಬುದು ಚತುರ್ಥಿಗೂ ಸಲ್ಲುವುದು. ಆದರೆ ‘ರಾಮಾತ್’, ‘ಸರ್ವಸ್ಮಾತ್’, ‘ಮತ್’ ಮೊದಲಾದ ಪ್ರತ್ಯೇಕ ರೂಪಗಳಿರುವುದರಿಂದ ಅಲ್ಲಿ ಪಂಚಮಿಗೆ ಆಧಾರವುಂಟು. ಕನ್ನಡದಲ್ಲಿ ಅಂತಹ ರೂಪವು ಒಂದಾದರೂ ಕಂಡುಬರುವುದಿಲ್ಲ.

ಎರಡು ಅರ್ಥಗಳಿಗೆ ಒಂದೇ ಪ್ರತ್ಯಯವಾದರೆ ಸಂದೇಹಕ್ಕೆ ಎಡೆಯಾಗದೇ ಎಂದರೆ, ಆಗದು. ‘ಮರದಿಂದ ತೊಟ್ಟಿಲು ಮಾಡಿದನು’, ‘ಮರದಿಂದ ಕೆಳಗೆ ಬಿದ್ದನು’ ಎಂಬಲ್ಲಿ ಕ್ರಿಯಾಪದವೇ ಅರ್ಥವನ್ನು ನಿರ್ಣಯಿಸುವುದು. ಇದು ಕನ್ನಡದ ಬಡತನವೂ ಅಲ್ಲ. ಲ್ಯಾಟಿನ್ ಭಾಷೆಯಲ್ಲಿ ಅಪಾದಾನ ವಿಭಕ್ತಿಯೇ ಕರಣಾರ್ಥವನ್ನೂ ಹೊತ್ತಿರುವುದು. ಗ್ರೀಕಿನಲ್ಲಿ ಅಪಾದಾನವು ಷಷ್ಠಿಯಲ್ಲಿಯೂ ಕರಣವು ಚತುರ್ಥಿಯಲ್ಲಿಯೂ ಲೀನವಾದವು. ಆ ಭಾಷೆಗಳ ಸಾಹಿತ್ಯಕ್ಕೆ ಇದರಿಂದ ಯಾವ ಕೊರತೆಯೂ ಬರಲಿಲ್ಲ.

ಇದರಿಂದ ಕೇಶಿರಾಜನ ಗೌರವಕ್ಕೆ ಲೋಪವಿಲ್ಲ. ಸಂಸ್ಕೃತ ವ್ಯಾಕರಣದ ಪರಿಭಾಷೆಯು ವಿದ್ವಾಂಸರಿಗೆಲ್ಲ ಸಮಾನವಾಗಿದ್ದ ಕಾಲದಲ್ಲಿ ಅವನು ಆ ಚೌಕಟ್ಟನ್ನು ಹಿಡಿದು, ಅದರೊಳಗೆ ಕನ್ನಡ ಕವಿಗಳ ಪ್ರಯೋಗಗಳನ್ನೇ ಪ್ರಮಾಣವಾಗಿ ನಿಲ್ಲಿಸಿದನು. ಪ್ರಯೋಗವೇ ಪ್ರಮಾಣವೆಂಬ ಅವನ ಪಾಠವನ್ನು ಅನುಸರಿಸುವುದೇ ಅವನಿಗೆ ಸಲ್ಲಿಸುವ ಮರ್ಯಾದೆ.

ಆದುದರಿಂದ ಅಪಾದಾನವು ಕಾರಕವಾಗಿ ಉಳಿಯಲಿ. ‘ಇಂದ’ ಎಂಬ ಒಂದೇ ವಿಭಕ್ತಿಗೆ ಕರಣ, ಹೇತು, ಅಪಾದಾನಗಳೆಂಬ ಅರ್ಥಗಳುಂಟೆಂದು ಬೋಧಿಸೋಣ. ಪಂಚಮಿಯಿಲ್ಲದೆ ಷಷ್ಠಿಯೂ ಸಪ್ತಮಿಯೂ ಹೇಗೆಂದು ಶಂಕಿಸಬೇಕಾಗಿಲ್ಲ. ಯೌಗಿಕಾರ್ಥವು ಹೋಗಿ ರೂಢ್ಯರ್ಥದಲ್ಲಿ ನಿಂತ ಹೆಸರುಗಳು ಶಾಸ್ತ್ರಗಳಲ್ಲಿ ಬೇಕಾದಷ್ಟಿವೆ. ಇವೂ ಹಾಗೆಯೇ ನಿಲ್ಲಲಿ. ಯಾರೂ ಆಡದ ವಾಕ್ಯವನ್ನು ಮಕ್ಕಳ ಬಾಯಲ್ಲಿ ಹಾಕುವುದನ್ನಂತೂ ಬಿಡೋಣ. ಕನ್ನಡ ವ್ಯಾಕರಣದ ಗಂಟೆಯಲ್ಲಿಯೇ ಮಗುವು ತನ್ನ ಕಿವಿಯನ್ನು ನಂಬದಂತಾದರೆ, ಆ ಮೇಲೆ ಯಾವ ಕಾವ್ಯಪಾಠವೂ ಅದನ್ನು ಸರಿಪಡಿಸಲಾರದು.